ಲೈಬ್ರರಿಯಲ್ಲಿ ಡ್ಯಾನ್ಸಾ? ಊರಿನ ಗ್ರಂಥಾಲಯದಲ್ಲಿ ಸಮಕಾಲೀನ ನೃತ್ಯ ಮತ್ತು ಮಾತುಕತೆ ನಡೆಸುವ ಬಗೆ

"ಡ್ಯಾನ್ಸಾ? ಇಲ್ಲೇನಾ?" ಅಂದರು ನಮ್ಮೂರ ಲೈಬ್ರರಿಯನ್. ಅವರ ಕಣ್ಣು ಗೋಡೆ ಮೇಲಿನ 'ನಿಶ್ಶಬ್ದವಾಗಿರಿ' ಬೋರ್ಡಿನ ಕಡೆ ಹೋಯಿತು.

"ಸಾರ್, ಸಿನಿಮಾ ಹಾಡು ಹಾಕಿ ಕುಣಿಯೋದಲ್ಲ. ಒಬ್ಬರೇ ಬಂದು ಇಪ್ಪತ್ತು ನಿಮಿಷ ಮಾಡ್ತಾರೆ. ಆಮೇಲೆ ಎಲ್ಲರೂ ಕೂತು ಮಾತಾಡೋದು."

"ಮಾತಾಡೋದು ಅಂದ್ರೆ ಭಾಷಣಾನಾ?"

"ಭಾಷಣ ಇಲ್ಲ ಸಾರ್."

ಆಗ ಅವರ ಮುಖ ಸ್ವಲ್ಪ ಸಡಿಲವಾಯಿತು.

ಅಲ್ಲಿಂದ ಈಚೆಗೆ ಅದೇ ಲೈಬ್ರರಿಯಲ್ಲಿ ಮೂರು ಸಲ ನಡೆಸಿದ್ದೇವೆ. ಮೂರು ಸಲವೂ ಏನಾದರೊಂದು ಎಡವಟ್ಟು ಆಗಿದೆ. ನಿಮಗೆ ಅದು ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಶುರುವಿನಲ್ಲೇ ಒಂದು ಮಾತು: ಲೈಬ್ರರಿಯನ್ನು ಬಡವರ ರಂಗಮಂದಿರ ಅಂದುಕೊಳ್ಳಬೇಡಿ. ರಂಗಮಂದಿರದಲ್ಲಿ ದೀಪ ಆರಿದ ಮೇಲೆ ಜನ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುತ್ತಾರೆ. ಇಲ್ಲಿ ಅರ್ಧ ಕೆಲಸ ಆಮೇಲಿನ ಮಾತಿನದು. ಹಾಗಾಗಿ ನೃತ್ಯಕ್ಕೆ ಎಷ್ಟು ತಯಾರಿಯೋ ಮಾತಿಗೂ ಅಷ್ಟೇ ಬೇಕು.

ಇದೇನು ಅಂತ ಕೇಳಿದರೆ

ಲೈಬ್ರರಿಯನ್ ಕೇಳುತ್ತಾರೆ, ಶಾಮಿಯಾನದವನು ಕೇಳುತ್ತಾನೆ, ನಿಮ್ಮ ಅತ್ತೆ ಕೇಳುತ್ತಾರೆ. ಒಂದೆರಡು ಸಾಲಿನ ಉತ್ತರ ಬಾಯಲ್ಲಿರಲಿ. ನಾನು ಹೇಳುವುದು ಇಷ್ಟು: ಭರತನಾಟ್ಯದಲ್ಲಿ ಗೊತ್ತಾದ ಅಡವು, ಮುದ್ರೆ, ಕಥೆ ಇರುತ್ತವೆ. ಸಮಕಾಲೀನ ನೃತ್ಯದಲ್ಲಿ ಅವು ಇರಲೇಬೇಕು ಅಂತಿಲ್ಲ. ನಡೆಯುವುದು, ಬೀಳುವುದು, ಉಸಿರಾಡುವುದು, ಸುಮ್ನೆ ನಿಲ್ಲುವುದು, ಎಲ್ಲವನ್ನೂ ನೃತ್ಯ ಮಾಡಿಕೊಳ್ಳಬಹುದು.

"ಇದೆಲ್ಲ ಫಾರಿನ್‌ದು" ಅಂತ ಯಾರಾದರೂ ಅಂದರೆ ಚಂದ್ರಲೇಖಾ ಹೆಸರು ಹೇಳಿ. ಭರತನಾಟ್ಯ ಕಲಿತವರು, ಚೆನ್ನೈನಲ್ಲಿದ್ದವರು. ಭರತನಾಟ್ಯದ ಜೊತೆ ಕೇರಳದ ಯುದ್ಧಕಲೆ ಕಳರಿಪಯಟ್ಟು, ಯೋಗ ಸೇರಿಸಿ 1985ರಲ್ಲಿ 'ಅಂಗಿಕಾ' ಅನ್ನುವ ನೃತ್ಯ ಮಾಡಿದರು. ನಮ್ಮ ಕಡೆಯದೇ ಬೇಕು ಅಂದರೆ ಮಾಯಾ ರಾವ್ ಇದ್ದರು. ಕಥಕ್ ಕಲಾವಿದೆ. ನೃತ್ಯ ಸಂಯೋಜನೆ ಕಲಿಸುವ ತಮ್ಮ ಸಂಸ್ಥೆಯನ್ನು 1987ರಲ್ಲಿ ದೆಹಲಿಯಿಂದ ಬೆಂಗಳೂರಿಗೆ ತಂದವರು. 1992ರಲ್ಲಿ ಬೆಂಗಳೂರಿನ ಅಟ್ಟಕ್ಕಳರಿ ಅನ್ನುವ ಸಮಕಾಲೀನ ನೃತ್ಯ ಸಂಸ್ಥೆ ಶುರುವಾಯಿತು. 1995ರಲ್ಲಿ ಮಾಯಾ ರಾವ್ ಅವರ ಮಗಳು ಮಧು ನಟರಾಜ್ ತಮ್ಮ ಸ್ಟೆಮ್ ತಂಡ ಕಟ್ಟಿದರು. ಇಂಥ ಕಡೆ ಕಲಿತವರು ಈಗ ಬೇರೆ ಬೇರೆ ಊರಲ್ಲಿದ್ದಾರೆ. ನಿಮ್ಮ ಜಿಲ್ಲೆಯಲ್ಲೇ ಒಬ್ಬರು ಮಕ್ಕಳಿಗೆ ಕ್ಲಾಸ್ ತೆಗೆದುಕೊಳ್ಳುತ್ತಾ ಇರಬಹುದು. ಮೊದಲು ಅವರನ್ನು ಹುಡುಕಿ.

ಜಾಗ ಸರಿಯಿಲ್ಲ ಅಂತ ಕೊರಗಬೇಡಿ. 1962ರಲ್ಲಿ ನ್ಯೂಯಾರ್ಕಿನ ಜಡ್ಸನ್ ಚರ್ಚಿನಲ್ಲಿ ಕೆಲವು ಹುಡುಗ ಹುಡುಗಿಯರು ಸೇರಿ ಮಾಡಿದ ಪ್ರದರ್ಶನ ಇವತ್ತಿಗೂ ಈ ನೃತ್ಯದ ಚರಿತ್ರೆಯಲ್ಲಿ ದೊಡ್ಡ ಗುರುತು. 1964ರಲ್ಲಿ ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ತಂಡಕ್ಕೆ ವಿಯೆನ್ನಾದ ಒಂದು ಮ್ಯೂಸಿಯಂನಲ್ಲಿ ಸರಿಯಾದ ವೇದಿಕೆಯೇ ಇರಲಿಲ್ಲ. ಅವರು ಇದ್ದ ಕೃತಿಗಳಿಂದ ತುಂಡು ತುಂಡು ತೆಗೆದು, ಆ ಜಾಗಕ್ಕೆ ಹೊಂದುವಂತೆ ಜೋಡಿಸಿ ಆಡಿದರು. ಅದಕ್ಕೆ 'ಈವೆಂಟ್' ಅಂತ ಹೆಸರಿಟ್ಟು ಆಮೇಲೆ ವರ್ಷಗಟ್ಟಲೆ ಹಾಗೇ ಮಾಡಿದರು. ನಿಮ್ಮ ಕಲಾವಿದೆಗೂ ಇದನ್ನೇ ಹೇಳಿ: ಪೂರ್ತಿ ಕೃತಿ ಬೇಡ, ಈ ಕೋಣೆಗೆ ಹಿಡಿಸುವಷ್ಟು ಸಾಕು.

ಅನುಮತಿ

ನಗರ, ತಾಲ್ಲೂಕು ಲೈಬ್ರರಿಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೆಳಗೆ ಬರುತ್ತವೆ. ಅಲ್ಲಿನ ಲೈಬ್ರರಿಯನ್ ಮೂಲಕವೇ ಅರ್ಜಿ ಕೊಡಿ. ಅವರನ್ನು ಬಿಟ್ಟು ಮೇಲಿನವರ ಹತ್ತಿರ ನೇರ ಹೋದರೆ ಅನುಮತಿ ಸಿಗಬಹುದು, ಬೀಗದ ಕೈ ಸಿಗುವುದಿಲ್ಲ. ಹಳ್ಳಿಯ ಲೈಬ್ರರಿಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿವೆ. ಈಗ ಅವುಗಳಿಗೆ 'ಅರಿವು ಕೇಂದ್ರ' ಅಂತ ಹೆಸರು. ಅಲ್ಲಿ ಪಿಡಿಒ ಅವರನ್ನು ನೋಡಬೇಕು.

ಅರ್ಜಿ ಅರ್ಧ ಪುಟ ಸಾಕು. ದಿನ, ಹೊತ್ತು, ಎಷ್ಟು ಜನ, ಯಾವ ಸಾಮಾನು ಸರಿಸುತ್ತೀರಿ, ಇಷ್ಟು ಬರೆಯಿರಿ. ಕೊನೆಗೆ "ಎಲ್ಲವನ್ನೂ ಅದೇ ದಿನ ಇದ್ದ ಜಾಗದಲ್ಲಿ ಇಟ್ಟು ಹೋಗುತ್ತೇವೆ" ಅಂತ ಸೇರಿಸಿ. ಸಹಿ ಬೀಳುವುದು ಆ ಸಾಲಿಗೆ. ಇನ್ನೊಂದು ಗುಟ್ಟು. 'ಡ್ಯಾನ್ಸ್ ಪ್ರೋಗ್ರಾಂ' ಅಂತ ಬರೆದರೆ ಓದಿದವರ ತಲೆಯಲ್ಲಿ ಆರ್ಕೆಸ್ಟ್ರಾ ಬರುತ್ತದೆ. 'ನೃತ್ಯ ಪ್ರಾತ್ಯಕ್ಷಿಕೆ ಮತ್ತು ಸಂವಾದ' ಅಂತ ಬರೆಯಿರಿ. ಆಡುಮಾತಲ್ಲಿ ನಾನು ಈ ಪದಗಳನ್ನು ಬಳಸುವವನಲ್ಲ. ಆದರೆ ಕಡತಕ್ಕೆ ಅದರದೇ ಭಾಷೆ ಇದೆ, ಏನು ಮಾಡೋಣ.

ಬೇಡಿಕೊಳ್ಳುವ ದನಿಯೂ ಬೇಡ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಅದು ನಮ್ಮದೇ ಜಾಗ. ಹಾಗಂತ ಜೋರು ಮಾಡಲೂ ಹೋಗಬೇಡಿ.

ತಿಂಗಳು ಯಾವುದು ಅಂದರೆ ನನ್ನ ಓಟು ನವೆಂಬರಿಗೆ. 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಏನಾದರೂ ಮಾಡಲೇಬೇಕಲ್ಲ ಅಂತ ಲೈಬ್ರರಿಯವರೂ ಯೋಚಿಸುತ್ತಿರುತ್ತಾರೆ. ವಿಶ್ವ ನೃತ್ಯ ದಿನ ಏಪ್ರಿಲ್ 29ಕ್ಕೆ ಬರುತ್ತದೆ, ನಿಜ. ಆ ಸೆಖೆಯಲ್ಲಿ ಫ್ಯಾನ್ ಆರಿಸಿ ಎಪ್ಪತ್ತು ಜನರನ್ನು ಕೂರಿಸಿ ನೋಡಿ, ಗೊತ್ತಾಗುತ್ತದೆ.

ದಿನ ಗೊತ್ತು ಮಾಡುವ ಮುಂಚೆ ರೀಡಿಂಗ್ ರೂಮಿನಲ್ಲಿ ಕೂತವರನ್ನು ಕೇಳಿ. ಕೆಎಎಸ್, ಎಫ್‌ಡಿಎ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು ಬೆಳಗ್ಗೆಯಿಂದ ಅಲ್ಲೇ ಇರುತ್ತಾರೆ. ನಮ್ಮ ಮೊದಲ ಸಲ ಪೋಸ್ಟರ್ ಅಂಟಿಸಿದ ಮೇಲೆ ಒಬ್ಬ ಬಂದು "ಅಣ್ಣ, ಸೋಮವಾರ ನನಗೆ ಎಕ್ಸಾಮ್ ಇದೆ. ಭಾನುವಾರ ನೀವು ಇಲ್ಲಿ ಕುಣಿದ್ರೆ ನಾನೆಲ್ಲಿಗೆ ಹೋಗಲಿ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ವಾರ ಮುಂದಕ್ಕೆ ಹಾಕಿದೆವು.

ನೆಲ

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಇದಕ್ಕೆ. ನಮ್ಮ ಲೈಬ್ರರಿಗಳ ನೆಲ ಮೊಸಾಯಿಕ್, ಕಡಪ ಕಲ್ಲು, ಇಲ್ಲಾಂದರೆ ಟೈಲ್ಸ್. ಮೂರರ ಅಡಿಯಲ್ಲೂ ಕಾಂಕ್ರೀಟು. ನೀವೇ ಬರಿಗಾಲಲ್ಲಿ ನಿಂತು ಹತ್ತು ಸಲ ಹಾರಿ ನೋಡಿ. ಏಳನೆಯದಕ್ಕೇ ಮೊಣಕಾಲು ಮಾತಾಡುತ್ತದೆ. ಈ ನೃತ್ಯದಲ್ಲಿ ಬೀಳುವುದು, ಉರುಳುವುದು, ಮಂಡಿಯೂರಿ ಜಾರುವುದು ಇರುತ್ತದೆ. ಕಲ್ಲಿನ ಮೇಲೆ ಅದನ್ನೆಲ್ಲ ಮಾಡಿ ಅಂತ ಒಬ್ಬರನ್ನು ಕರೆಯುವುದು ಮರ್ಯಾದೆಯಲ್ಲ.

ಮಾಡಬೇಕಾದ್ದು ಇಷ್ಟು. ಎಂಟಕ್ಕೆ ನಾಲ್ಕು ಅಡಿಯ ಪ್ಲೈವುಡ್ ಶೀಟು ಆರು ತನ್ನಿ, 18 ಎಂಎಂ ದಪ್ಪದ್ದು. ಜೋಡಿಸಿದರೆ ಹದಿನಾರಕ್ಕೆ ಹನ್ನೆರಡು ಅಡಿ ಜಾಗ ಸಿಗುತ್ತದೆ. ಒಬ್ಬರಿಗೆ ಸಾಕು, ಇಬ್ಬರಿಗೆ ಇಕ್ಕಟ್ಟು. ಕೆಳಗೆ ಮಕ್ಕಳ ಆಟಕ್ಕೆ ಹಾಸುವ ಫೋಮ್ ಮ್ಯಾಟ್ ಬರಲಿ, ಒಂದಕ್ಕೊಂದು ಸಿಕ್ಕಿಸುವಂಥದ್ದು. ಶೀಟುಗಳ ಸಂದಿಗೆ ಬಟ್ಟೆಯ ಟೇಪ್ ಅಂಟಿಸಿ. ಪ್ಲಾಸ್ಟಿಕ್ ಟೇಪ್ ಜಾರುತ್ತದೆ. ಅಂಚನ್ನೆಲ್ಲ ಮರಳು ಕಾಗದದಲ್ಲಿ ಉಜ್ಜಿ, ಅಂಗೈಯಲ್ಲಿ ಸವರಿ ನೋಡಿ. ನಿಮ್ಮ ಕೈಗೆ ಸಿಬರು ಚುಚ್ಚಿದರೆ ಅವರ ಕಾಲಿಗೂ ಚುಚ್ಚುತ್ತದೆ. ಪ್ಲೈವುಡ್ ಕೊಳ್ಳುವಷ್ಟು ದುಡ್ಡಿಲ್ಲದಿದ್ದರೆ ಬಡಗಿಯ ಹತ್ತಿರ ಎರಡು ದಿನಕ್ಕೆ ಕೇಳಿ. ಗೀರು ಬೀಳದೆ ವಾಪಸ್ ಕೊಡುತ್ತೇವೆ ಅಂದರೆ ಕೆಲವರು ಕೊಡುತ್ತಾರೆ.

ಇನ್ನೊಂದು ವಿಷಯ ನಮಗೆ ಹೊಳೆದೇ ಇರಲಿಲ್ಲ. ಸ್ಟೇಪ್ಲರ್ ಪಿನ್. ಲೈಬ್ರರಿ ನೆಲದಲ್ಲಿ ಅದು ಇರುವಷ್ಟು ಬೇರೆಲ್ಲೂ ಇರಲಿಕ್ಕಿಲ್ಲ. ಪತ್ರಿಕೆ, ಪುರವಣಿ, ಜೆರಾಕ್ಸ್, ಅರ್ಜಿ, ಎಲ್ಲದರಿಂದ ಉದುರಿದ ಪಿನ್ನುಗಳು ಸಂದಿಯಲ್ಲಿ ಕೂತಿರುತ್ತವೆ. ಕಸ ಗುಡಿಸಿದೆವು, ಒರೆಸಿದೆವು. ಆದರೂ ರಿಹರ್ಸಲ್‌ನಲ್ಲಿ ಕಲಾವಿದೆಯ ಹಿಮ್ಮಡಿಗೆ ಒಂದು ಹೊಕ್ಕಿತು. ಅವರು ಏನೂ ಅನ್ನದೆ ಕೂತು, ಕಿತ್ತು, ಮೇಜಿನ ಮೇಲಿಟ್ಟರು. ಲೈಬ್ರರಿಯ ಅಟೆಂಡರ್ ಅದನ್ನು ನೋಡಿ ಹೊರಗೆ ಹೋದವರು ಹಳೇ ಸ್ಪೀಕರಿನ ಮ್ಯಾಗ್ನೆಟ್ ಒಂದನ್ನು ತಂದರು. ದಾರ ಕಟ್ಟಿ ನೆಲದ ಮೇಲೆ ಆಚೆಯಿಂದ ಈಚೆ ಎಳೆದರು, ಉಳುವವರ ಹಾಗೆ. ಎತ್ತಿದಾಗ ಅದಕ್ಕೆ ಗಡ್ಡ ಬಂದಿತ್ತು. ಈಗ ಆ ಮ್ಯಾಗ್ನೆಟ್ ನಮ್ಮ ಸಾಮಾನಿನ ಪಟ್ಟಿಯಲ್ಲಿ ಮೊದಲನೆಯದು.

ನೆಲ ನೋಡಿದ ಮೇಲೆ ಕತ್ತೆತ್ತಿ ಮೇಲೆ ನೋಡಿ. ಫ್ಯಾನ್ ಎಷ್ಟು ಎತ್ತರದಲ್ಲಿದೆ? ಪ್ಲೈವುಡ್ ಹಾಕಿದ ಮೇಲೆ ನೆಲ ಎರಡು ಮೂರು ಬೆರಳು ಮೇಲೆ ಬಂದಿರುತ್ತದೆ, ಅದನ್ನೂ ಲೆಕ್ಕ ಹಿಡಿಯಿರಿ. ಕುಣಿಯುವ ಜಾಗದ ಮೇಲಿನ ಫ್ಯಾನ್ ಆರಿಸಿ, ಸ್ವಿಚ್ಚಿಗೆ ಟೇಪ್ ಅಂಟಿಸಿ. ಯಾರಾದರೂ ಸೆಖೆ ಅಂತ ಹೋಗಿ ಹಾಕಿಯೇ ಹಾಕುತ್ತಾರೆ. ಪುಸ್ತಕದ ಕಬ್ಬಿಣದ ರ‍್ಯಾಕುಗಳಿಂದ ನಾಲ್ಕಡಿ ದೂರ ಇರಲಿ.

ಬೆಳಕು, ಶಬ್ದ

ಕತ್ತಲೆ ಮಾಡಲು ಹೋಗಬೇಡಿ. ಲೈಬ್ರರಿಯ ಕಿಟಕಿಗಳನ್ನೆಲ್ಲ ಮುಚ್ಚುವಷ್ಟು ಕರಿ ಬಟ್ಟೆ ಯಾರ ಹತ್ತಿರ ಇದೆ? ಸಂಜೆ ಐದರ ಬಿಸಿಲು ಕಿಟಕಿಯಿಂದ ಬಂದು ಬೀಳುವ ಕಡೆ ಮಾಡಿದರೆ ಅದೇ ಅರ್ಧ ಲೈಟಿಂಗ್. ಬೇಕಾದರೆ ಎರಡು ಎಲ್‌ಇಡಿ ಫ್ಲಡ್‌ಲೈಟ್ ತಂದು ಎರಡು ಪಕ್ಕದಲ್ಲಿ ಎದೆ ಮಟ್ಟಕ್ಕೆ ಇಡಿ. ಎದುರಿನಿಂದ ಹಾಕಿದರೆ ಮೈ ಚಪ್ಪಟೆ ಕಾಣುತ್ತದೆ. ಪಕ್ಕದಿಂದ ಬಂದರೆ ಬೆನ್ನು, ಭುಜ, ಪಕ್ಕೆಲುಬು ಎಲ್ಲ ಬಿಡಿಸಿಟ್ಟ ಹಾಗೆ ಕಾಣುತ್ತವೆ. ಟ್ಯೂಬ್‌ಲೈಟ್ ಆರಿಸಿಬಿಡಿ.

ಶಬ್ದಕ್ಕೆ ವೈರ್ ಇರುವ ಸ್ಪೀಕರ್ ಇರಲಿ. ಎರಡನೇ ಸಲ ನಾವು ಬ್ಲೂಟೂತ್ ಸ್ಪೀಕರಿಗೆ ನನ್ನ ಫೋನ್ ಜೋಡಿಸಿದ್ದೆವು. ಕಲಾವಿದ ನೆಲದ ಮೇಲೆ ಮಲಗಿ, ಒಂದೇ ಕೈಯನ್ನು ನಿಧಾನ ಎತ್ತುತ್ತಿದ್ದ. ಅಷ್ಟರಲ್ಲಿ ಊರಿಂದ ನಮ್ಮಕ್ಕನ ಕಾಲ್ ಬಂತು. ಇಡೀ ಲೈಬ್ರರಿಗೆ ಕೇಳುವ ಹಾಗೆ ರಿಂಗ್‌ಟೋನ್. ಪಾಪ, ಅವನ ಕೈ ಅಲ್ಲಾಡಲಿಲ್ಲ. ಏರೋಪ್ಲೇನ್ ಮೋಡ್ ಅಂತ ಒಂದಿದೆ, ಬಳಸಿ.

ಯಾವ ಸಂಗೀತ, ಅದರ ಹಕ್ಕು ಯಾರದು ಅಂತ ಕಲಾವಿದರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಒಬ್ಬರು ಅಲ್ಲೇ ಕೂತು ಮೃದಂಗವೋ ತಮಟೆಯೋ ನುಡಿಸಿದರೆ ಆ ರಗಳೆಯೇ ಇಲ್ಲ.

ಕಲಾವಿದರ ಜೊತೆ ಮಾತು

ದುಡ್ಡಿನ ಮಾತು ಮೊದಲ ಫೋನಿನಲ್ಲೇ ಮುಗಿಸಿ. "ನಮ್ಮ ಹತ್ತಿರ ಇಷ್ಟಿದೆ, ಪ್ರಯಾಣ, ಊಟ, ಉಳಿಯುವ ವ್ಯವಸ್ಥೆ ನಮ್ಮದು" ಅಂತ ನೇರ ಹೇಳಿ. 'ಕಲಾಸೇವೆ' ಅನ್ನುವ ಪದವನ್ನು ಬಾಯಿಗೆ ತರಬೇಡಿ. ಶಾಲು, ಹಾರ, ಫಲಕ, ಹಣ್ಣಿನ ಬುಟ್ಟಿಗೆ ಎಷ್ಟಾಗುತ್ತದೆ ಅಂತ ಕೂಡಿಸಿ ನೋಡಿ. ಅಷ್ಟನ್ನೂ ಕವರಿಗೆ ಸೇರಿಸಿ ಕೊಟ್ಟರೆ ಅವರಿಗೆ ಹೆಚ್ಚು ಖುಷಿ.

ಅವರಿಗೆ ಬೇಕಾದ್ದು ಜಾಸ್ತಿ ಏನಿಲ್ಲ. ಎರಡು ಗಂಟೆ ಮೊದಲು ಜಾಗ ಖಾಲಿ ಸಿಗಬೇಕು, ಮೈ ಬಿಸಿ ಮಾಡಿಕೊಳ್ಳಲು. ಚಿಲಕ ಬೀಳುವ ಒಂದು ಕೋಣೆ. ನೀರು ಬರುವ ಟಾಯ್ಲೆಟ್. ಹೆಚ್ಚಿನ ಕಡೆ ಈ ಮೂರನೆಯದೇ ಕಷ್ಟ. ಹಿಂದಿನ ದಿನವೇ ಹೋಗಿ ನಲ್ಲಿ ತಿರುಗಿಸಿ ನೋಡಿ.

ಜನ

ಅರವತ್ತು, ಎಪ್ಪತ್ತು ಜನಕ್ಕಿಂತ ಜಾಸ್ತಿ ಬೇಡ. ಮೂರು ಕಡೆ ಕೂರಿಸಿ. ಮುಂದಿನ ಸಾಲು ಜಮಖಾನೆ ಮೇಲೆ, ಅದರ ಹಿಂದೆ ಬೆಂಚು, ಕೊನೆಗೆ ಕುರ್ಚಿ. ಮಂಡಿ ನೋವಿರುವ ಹಿರಿಯರಿಗೆ ಕುರ್ಚಿ ಹಿಡಿದಿಡಿ. ಸೋಫಾ ತರಬೇಡಿ. ಸೋಫಾ ಬಂದರೆ ಅದರಲ್ಲಿ ಕೂರಲು ಮುಖ್ಯ ಅತಿಥಿಯೂ ಬರುತ್ತಾರೆ. ಅವರ ಹಿಂದೆ ಸ್ವಾಗತ, ಪ್ರಾಸ್ತಾವಿಕ, ದೀಪ, ಸನ್ಮಾನ, ವಂದನಾರ್ಪಣೆ. ಅಲ್ಲಿಗೆ ಒಂದೂವರೆ ಗಂಟೆ ಹೋಯಿತು, ಮೈ ಬಿಸಿ ಮಾಡಿಕೊಂಡವರು ತಣ್ಣಗಾದರು. ನಾನು ಈ ವಿಷಯದಲ್ಲಿ ಸ್ವಲ್ಪ ಹಟಮಾರಿ. ಶುರುವಿಗೆ ಒಬ್ಬರು ನಿಂತು ಒಂದು ನಿಮಿಷ ಮಾತಾಡಬೇಕು: ಫೋನ್ ಆರಿಸಿ, ಇಪ್ಪತ್ತು ನಿಮಿಷ ನೃತ್ಯ, ಆಮೇಲೆ ಮಾತು, ಚಹಾ ಕೊನೆಗೆ. ಅಷ್ಟೇ.

ಆ 'ಚಹಾ ಕೊನೆಗೆ' ಅನ್ನುವುದು ಸುಮ್ನೆ ಬರೆದದ್ದಲ್ಲ. ನಡುವೆ ಕೊಟ್ಟರೆ ಕಪ್ ಹಿಡಿದು ಹೊರಗೆ ಹೋದವರು ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾರೆ.

ಮಾತುಕತೆ

ನೋಡಿದ ಮೇಲೆ ಮಾತಾಡುವುದು ನಮಗೇನು ಹೊಸದಲ್ಲ. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಹೋದವರಿಗೆ ಗೊತ್ತು, ರಾತ್ರಿ ನೋಡಿದ ನಾಟಕದ ಬಗ್ಗೆ ಮಾರನೇ ದಿನ ಕೂತು ಚರ್ಚೆ ಮಾಡುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಯಕ್ಷಗಾನದ ಆಟ ಮುಗಿಸಿ ಬರುವಾಗ ದಾರಿಯುದ್ದಕ್ಕೂ ವಿಮರ್ಶೆಯೇ. ಆದರೆ ನೃತ್ಯ ಅಂದ ಕೂಡಲೇ ನಮಗೆ ನಾಲಿಗೆ ಏಳುವುದಿಲ್ಲ. 'ನಮಗೆ ಅದೆಲ್ಲ ಗೊತ್ತಾಗಲ್ಲ' ಅಂತ ಹಿಂದೆ ಸರಿಯುತ್ತೇವೆ. ನಡೆಸಿಕೊಡುವವರು ಮೊದಲು ಈ ಹೆದರಿಕೆ ಬಿಡಿಸಬೇಕು.

ಮೊದಲ ಸಲ ನಾನು ಮಾಡಿದ ತಪ್ಪು ಹೇಳುತ್ತೇನೆ. ಚಪ್ಪಾಳೆ ನಿಂತ ತಕ್ಷಣ ಮೈಕ್ ಹಿಡಿದು "ಯಾರಿಗಾದರೂ ಪ್ರಶ್ನೆ ಇದೆಯಾ?" ಅಂದೆ. ಒಬ್ಬರು ಎದ್ದರು. "ಇದರ ಅರ್ಥ ಏನು?" ಕಲಾವಿದೆ ಇನ್ನೂ ಏದುಸಿರು ಬಿಡುತ್ತಿದ್ದರು. ಏನೋ ಹೇಳಿದರು. ಇನ್ನೊಬ್ಬರು ಎದ್ದು ನಮ್ಮ ಸಂಸ್ಕೃತಿಯ ಬಗ್ಗೆ ಎಂಟು ನಿಮಿಷ ಮಾತಾಡಿದರು. ಅಲ್ಲಿಗೆ ಮುಗಿಯಿತು.

ಆಮೇಲೆ ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲೆರ್ಮನ್ 1990ರಲ್ಲಿ ರೂಪಿಸಿದ ಒಂದು ಕ್ರಮ ಸಿಕ್ಕಿತು. ನಾಲ್ಕು ಹೆಜ್ಜೆಯದು. ಮೊದಲು, ನೋಡಿದವರು ತಮಗೆ ಏನು ತಟ್ಟಿತು, ಯಾವುದು ನೆನಪುಳಿಯಿತು ಅಂತ ಹೇಳುತ್ತಾರೆ. ಎರಡನೆಯದು, ಕಲಾವಿದರು ನೋಡಿದವರನ್ನು ಪ್ರಶ್ನೆ ಕೇಳುತ್ತಾರೆ. ಮೂರನೆಯದು, ನೋಡಿದವರು ಕೇಳುತ್ತಾರೆ. ಆದರೆ ಪ್ರಶ್ನೆಯೊಳಗೆ ತೀರ್ಪು ಇರಬಾರದು. "ಯಾಕಿಷ್ಟು ಬೋರಾಗಿ ನಿಧಾನ ಮಾಡಿದ್ರಿ?" ಅಲ್ಲ, "ನಿಧಾನ ಅಂತ ಹೇಗೆ ತೀರ್ಮಾನ ಮಾಡಿದ್ರಿ?" ಕೊನೆಯದು ಅಭಿಪ್ರಾಯ, ಅದೂ "ಇದರ ಬಗ್ಗೆ ನನಗೊಂದು ಅನಿಸಿಕೆ ಇದೆ, ಹೇಳಲಾ?" ಅಂತ ಕೇಳಿ, ಅವರು ಹೂಂ ಅಂದ ಮೇಲೆ.

ನಮ್ಮ ಊರಿಗೆ ತಕ್ಕ ಹಾಗೆ ನಾವು ಇದನ್ನು ಸ್ವಲ್ಪ ತಿದ್ದಿಕೊಂಡೆವು. ಚಪ್ಪಾಳೆ ಆದ ಮೇಲೆ ಐದು ನಿಮಿಷ ಬಿಡುತ್ತೇವೆ. ಕಲಾವಿದೆ ನೀರು ಕುಡಿದು, ಮುಖ ಒರೆಸಿಕೊಂಡು ಬರಲಿ. ಅಷ್ಟರಲ್ಲಿ ಕುರ್ಚಿ, ಬೆಂಚು ಎಲ್ಲ ದುಂಡಗೆ. ಕಲಾವಿದೆಯೂ ಅದೇ ದುಂಡಿನಲ್ಲಿ, ಅದೇ ಎತ್ತರದಲ್ಲಿ. ಮೈಕ್ ಇಲ್ಲ. ಮೈಕ್ ಕೈಗೆ ಬಂದರೆ ಒಳ್ಳೆಯವರೂ ಭಾಷಣಕಾರರಾಗುತ್ತಾರೆ. ಮೊದಲ ಪ್ರಶ್ನೆ ನಡೆಸಿಕೊಡುವವರದು, ಮತ್ತು ಅದು ಯಾವಾಗಲೂ ಒಂದೇ: "ಏನು ಕಾಣಿಸ್ತು?" 'ಏನು ಅರ್ಥ ಆಯ್ತು' ಅಲ್ಲ. ಕಂಡದ್ದನ್ನು ಹೇಳಲು ಯಾರಿಗೂ ವಿದ್ಯೆ ಬೇಡ.

ಮೂರನೇ ಸಲದ ನೃತ್ಯ ಬಹಳ ನಿಧಾನದ್ದು. ಮಲಗಿದ್ದವರು ಎದ್ದು ನಿಲ್ಲುವುದು, ಅಷ್ಟೇ. ಅದಕ್ಕೇ ಸುಮಾರು ಹತ್ತು ನಿಮಿಷ. ಮೊದಲು ಮಗ್ಗುಲು, ಆಮೇಲೆ ಮೊಣಕೈ, ಒಂದು ಮಂಡಿ, ಮತ್ತೆ ಕೆಳಗೆ, ಮತ್ತೆ ಮಂಡಿ. ಹಿಂದೆ ಕೂತ ಹುಡುಗರು ಮುಸಿ ಮುಸಿ ನಗುತ್ತಿದ್ದರು. ಮುಗಿದ ಮೇಲೆ "ಏನು ಕಾಣಿಸ್ತು?" ಅಂದೆ. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಇಲ್ಲಿ ಗಟ್ಟಿ ಮನಸ್ಸು ಬೇಕು, ಆ ಮೌನವನ್ನು ನೀವೇ ತುಂಬಬಾರದು. ಸ್ವಲ್ಪ ಹೊತ್ತಾದ ಮೇಲೆ, ಮೊಮ್ಮಗಳ ಜೊತೆ ಬಂದಿದ್ದ ಒಬ್ಬ ಅಜ್ಜಿ ಅಂದರು: "ನಂಗೂ ಬೆಳಗ್ಗೆ ಹಾಸಿಗೆಯಿಂದ ಏಳಕ್ಕೆ ಇಷ್ಟೇ ಹೊತ್ತು ಬೇಕಮ್ಮ. ಹಿಂಗೇ, ಮೊದ್ಲು ಮೊಣಕೈ."

ಹುಡುಗರು ಮತ್ತೆ ನಕ್ಕರು, ಆದರೆ ಈ ನಗು ಬೇರೆ. ಕಲಾವಿದೆ ಎದ್ದು ಹೋಗಿ ಅಜ್ಜಿ ಪಕ್ಕ ಕೂತರು. "ಯಾವ ಕಡೆ ಮಂಡಿ ಮೊದಲು ಇಡ್ತೀರಿ ಅಜ್ಜಿ?" ಅಂತ ಕೇಳಿದರು. ಅಜ್ಜಿ ಸೀರೆ ಸರಿ ಮಾಡಿಕೊಂಡು ತೋರಿಸಿದರು, ಕೂತಲ್ಲಿಂದಲೇ. ಆಮೇಲೆ ಬಡಗುತಿಟ್ಟು ಯಕ್ಷಗಾನದ ಮಂಡಿ ಕುಣಿತ ನೋಡಿದ್ದ ಒಬ್ಬರು ಅದರಲ್ಲಿ ಮಂಡಿ ಹೇಗೆ ತಿರುಗುತ್ತದೆ ಅಂತ ಶುರು ಮಾಡಿದರು. ಗದ್ದೆ ನಾಟಿ ಮಾಡಿ ಬೆನ್ನು ಹಿಡಿದ ಮಾತು ಬಂತು. ಮುಕ್ಕಾಲು ಗಂಟೆ ಅಂದುಕೊಂಡಿದ್ದ ಮಾತುಕತೆ ಒಂದೂಕಾಲು ಗಂಟೆ ಆಯಿತು. ಅರ್ಥ ಏನು ಅಂತ ಯಾರೂ ಕೇಳಲಿಲ್ಲ.

ಕೇಳಿದರೂ ಬೇಸರ ಬೇಡ. ವಾಪಸ್ ಅವರಿಗೇ ಕೊಡಿ: "ನಿಮಗೆ ಯಾವ ಜಾಗದಲ್ಲಿ ಎಳೆ ಕೈ ತಪ್ಪಿತು?" ಅಲ್ಲಿಂದ ಮಾತು ಹುಟ್ಟುತ್ತದೆ. ಎಂಟು ನಿಮಿಷದ ಭಾಷಣಕಾರರು ಎಲ್ಲಾ ಊರಲ್ಲೂ ಇರುತ್ತಾರೆ. ಅವರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ "ಸಾರ್, ಈ ಮಾತಿಗೆ ಇವರು ಏನಂತಾರೆ ನೋಡೋಣ" ಅಂತ ಪಕ್ಕದವರ ಕಡೆ ತಿರುಗಿಬಿಡಿ. ಹೆಂಗಸರು, ಮಕ್ಕಳು ಮಾತಾಡುವ ತನಕ ಮುಗಿಸಬೇಡಿ.

ಒಂದು ಮೇಜಿನ ಮೇಲೆ ಲೈಬ್ರರಿಯದೇ ಹತ್ತು ಪುಸ್ತಕ ಇಡಿ. ನೃತ್ಯದ ಪುಸ್ತಕ ಸಿಗದಿದ್ದರೆ ಯಕ್ಷಗಾನ, ಯೋಗ, ದೇಹರಚನೆ, ಕವಿತೆ ಯಾವುದಾದರೂ ಸರಿ. ಲೈಬ್ರರಿಯನ್ ಅಲ್ಲೇ ಸದಸ್ಯತ್ವದ ಅರ್ಜಿ ಇಟ್ಟುಕೊಂಡು ಕೂರಲಿ. ಮುಂದಿನ ಸಲದ ಅನುಮತಿ ಸುಲಭವಾಗುತ್ತದೆ.

ಕಾಪಿ ಇಡಿ

ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ 1944ರಿಂದ ನೃತ್ಯಕ್ಕೇ ಒಂದು ವಿಭಾಗ ಇದೆ. ಈಗ ಅದು ಲಿಂಕನ್ ಸೆಂಟರಿನಲ್ಲಿದೆ. ಜೆರೋಮ್ ರಾಬಿನ್ಸ್ ಅನ್ನುವ ನೃತ್ಯ ಸಂಯೋಜಕ ತನಗೆ ಬರುತ್ತಿದ್ದ ರಾಯಲ್ಟಿಯ ಒಂದು ಪಾಲನ್ನು ಅಲ್ಲಿ ನೃತ್ಯದ ಚಿತ್ರೀಕರಣಕ್ಕೆ ಕೊಟ್ಟ. ಈಗ ಆ ವಿಭಾಗಕ್ಕೆ ಅವನದೇ ಹೆಸರು. ಅದೇ ಕಟ್ಟಡದ ಸುಮಾರು ಇನ್ನೂರು ಸೀಟಿನ ಸಭಾಂಗಣದಲ್ಲಿ ಪ್ರದರ್ಶನ, ಮಾತುಕತೆ ಪುಕ್ಕಟೆ ನಡೆಯುತ್ತವೆ. ನೀವು ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಇದ್ದರೆ ಅಥವಾ ಮಗನ ಮನೆಗೆ ಹೋದರೆ ಒಂದು ದಿನ ಹೋಗಿ ಬನ್ನಿ.

ನಮ್ಮಲ್ಲಿ ಆ ಮಟ್ಟಕ್ಕೆ ಬೇಡ. ಒಂದು ಫೋನನ್ನು ಸ್ಟ್ಯಾಂಡಿಗೆ ಹಾಕಿ, ಅಡ್ಡ ಹಿಡಿದು, ಅಲ್ಲಾಡಿಸದೆ ಪೂರ್ತಿ ರೆಕಾರ್ಡ್ ಮಾಡಿದರೆ ಆಯಿತು. ಕಲಾವಿದರ ಒಪ್ಪಿಗೆ ಬರಹದಲ್ಲಿರಲಿ: ಲೈಬ್ರರಿಯಲ್ಲಿ ನೋಡಲು ಮಾತ್ರವೋ, ಎಲ್ಲರಿಗೂ ಹಾಕಬಹುದೋ ಅಂತ. ಒಂದು ಪೆನ್‌ಡ್ರೈವ್ ಲೈಬ್ರರಿಗೆ, ಒಂದು ಕಲಾವಿದರಿಗೆ. ಮಾತುಕತೆಯನ್ನು ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದಿಡಲಿ, ಜನ ಆಡಿದ ಮಾತಿನಲ್ಲೇ. ನಮ್ಮದರಲ್ಲಿ ಅಜ್ಜಿಯ ಮಾತು ಹಾಗೇ ಇದೆ, 'ಮೊದ್ಲು ಮೊಣಕೈ' ಅಂತ.

ಜನ ಹೋದ ಮೇಲೆ ಪ್ಲೈವುಡ್ ಎತ್ತಿ, ಟೇಪಿನ ಅಂಟು ಒರೆಸಿ, ಮ್ಯಾಗ್ನೆಟ್ ಇನ್ನೊಂದು ಸಲ ಎಳೆಯಿರಿ. ರ‍್ಯಾಕಿನ ಪುಸ್ತಕ ಸರಿಸಿದ್ದರೆ ನಂಬರಿನ ಪ್ರಕಾರ ಜೋಡಿಸಿ. ಪೇಪರ್ ಓದುವ ಬೆಂಚು ಮಾತ್ರ ಅದೇ ಕಿಟಕಿ ಪಕ್ಕಕ್ಕೇ ಹೋಗಬೇಕು. ನಾವೊಮ್ಮೆ ಅದನ್ನು ಆ ಕಡೆ ಗೋಡೆಗೆ ಹಾಕಿ ಬಂದಿದ್ದೆವು. ಮಾರನೇ ದಿನ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುವ ಇಬ್ಬರು ಯಜಮಾನರು ಅರ್ಧ ಗಂಟೆ ಪೇಪರ್ ಮುಟ್ಟಲಿಲ್ಲವಂತೆ.